ಶಿರವಾಡದಲ್ಲಿ ನಿಲ್ದಾಣ, ಕಡಲಂಚಿನಲ್ಲಿ ಊರು: ಕಾರವಾರದ ಒಂದು ಪ್ರಕರಣ ಅಧ್ಯಯನ

ಕಾರವಾರದ ರೈಲು ನಿಲ್ದಾಣ ಇರುವುದು ಶಿರವಾಡದಲ್ಲಿ. ಜಿಲ್ಲಾಧಿಕಾರಿ ಕಚೇರಿ, ಬಸ್ ನಿಲ್ದಾಣ, ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಮೀನು ಮಾರುಕಟ್ಟೆ ಎಲ್ಲವೂ ಕಡಲ ಮಗ್ಗುಲಲ್ಲಿವೆ. ರೈಲು ಬೇಕಾದವರು ಮಾತ್ರ ಹಬ್ಬುವಾಡ ದಾಟಿ, ಕೈಗಾ ರಸ್ತೆ ಹಿಡಿದು ಆರೇಳು ಕಿಲೋಮೀಟರ್ ಒಳಕ್ಕೆ ಹೋಗಬೇಕು. ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆದದ್ದು 1998ರ ಜನವರಿ 26ರಂದು. ನಿಲ್ದಾಣ ಬಂದ ಕಡೆಗೆ ಊರು ತಾನಾಗಿ ಬೆಳೆಯುತ್ತದೆ ಎಂಬ ನಂಬಿಕೆಯನ್ನು ಪರೀಕ್ಷಿಸಲು ಕಾಲು ಶತಮಾನಕ್ಕಿಂತ ಹೆಚ್ಚಿನ ಅವಧಿ ಬೇಕಾಗಿಲ್ಲ. ಶಿರವಾಡದಲ್ಲಿ ಆ ಅವಧಿ ಮುಗಿದಿದೆ, ಊರು ಅಲ್ಲಿಗೆ ಬಂದಿಲ್ಲ. ರೈಲು ಬರುವ ಹೊತ್ತಿಗೆ ಗಿಜಿಗುಡುವ ರಿಕ್ಷಾ ಸ್ಟ್ಯಾಂಡ್ ಉಳಿದ ಹೊತ್ತು ತೂಕಡಿಸುತ್ತದೆ.

ಮೆಟ್ರೊ, ಲಘು ರೈಲು, ಟ್ರಾಮ್‌ಗಳ ಬಗ್ಗೆ ಬರೆಯುವವರೆಲ್ಲ ನಿಲ್ದಾಣ ಕೇಂದ್ರಿತ ಅಭಿವೃದ್ಧಿಯ ಮಾತನ್ನು ಎತ್ತುತ್ತಾರೆ. ನಿಲ್ದಾಣದಿಂದ ನಡೆದು ತಲುಪುವಷ್ಟು ದೂರದೊಳಗೆ ಮನೆ, ಅಂಗಡಿ, ಕಚೇರಿಗಳನ್ನು ಒತ್ತಾಗಿ ಕಟ್ಟಬೇಕು ಎಂಬುದು ಅದರ ತಿರುಳು. ಕೇಂದ್ರ ಸರ್ಕಾರ 2017ರಲ್ಲಿ ಇದಕ್ಕೆಂದೇ ಒಂದು ರಾಷ್ಟ್ರೀಯ ನೀತಿ ತಂದಿತು. 500ರಿಂದ 800 ಮೀಟರ್ ತ್ರಿಜ್ಯದ ವಲಯವನ್ನು ನಿಲ್ದಾಣದ ಪ್ರಭಾವ ವಲಯವೆಂದು ಗುರುತಿಸಿತು. ಈ ಅಳತೆಗೋಲನ್ನು ಶಿರವಾಡದ ಮೇಲೆ ಇಟ್ಟು ನೋಡಿದರೆ ಏನು ಕಾಣುತ್ತದೆ, ಕಾರವಾರದಂಥ ಸಣ್ಣ ಊರಿಗೆ ಲಘು ರೈಲಿನ ವಿದ್ಯೆಯಲ್ಲಿ ಯಾವುದು ಉಪಯೋಗಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದೇ ಈ ಬರಹದ ವಿಷಯ.

ಹಳಿ ಏಕೆ ಒಳಗೆ ಸರಿಯಿತು

ನಿಲ್ದಾಣವನ್ನು ಇಷ್ಟು ದೂರ ಇಟ್ಟವರು ಯಾರು ಎಂಬ ಪ್ರಶ್ನೆಗೆ ಊರಿನಲ್ಲಿ ಹತ್ತು ಬಗೆಯ ಉತ್ತರ ಸಿಗಬಹುದು. ನಕ್ಷೆ ಕೊಡುವ ಉತ್ತರ ಸರಳವಾಗಿದೆ. ಕೊಂಕಣ ರೈಲನ್ನು ಗಂಟೆಗೆ 160 ಕಿಲೋಮೀಟರ್ ವೇಗಕ್ಕೆ ಲೆಕ್ಕ ಹಾಕಿ ವಿನ್ಯಾಸ ಮಾಡಲಾಯಿತು. ಆ ವೇಗಕ್ಕೆ ತಿರುವಿನ ತ್ರಿಜ್ಯ 1,250 ಮೀಟರ್‌ಗಿಂತ ಕಡಿಮೆ ಇರಕೂಡದು, ಏರು 150 ಮೀಟರ್‌ಗೆ ಒಂದು ಮೀಟರ್ ಮೀರಕೂಡದು. ಇಂಥ ಹಳಿಗೆ ಬಾಗುವುದು ಗೊತ್ತಿಲ್ಲ. ಕಾರವಾರದ ಭೂಮಿಯಾದರೋ ಬಾಗುವವರಿಗೆ ಮಾತ್ರ ದಾರಿ ಕೊಡುವಂಥದ್ದು. ಉತ್ತರದಲ್ಲಿ ಕಾಳಿ ನದಿ ಕಡಲು ಸೇರುವಲ್ಲಿ ಬಾಯಿ ಅಗಲಿಸಿಕೊಂಡಿದೆ, ದಕ್ಷಿಣದಲ್ಲಿ ಗುಡ್ಡಗಳು ಬಂದು ಸಮುದ್ರಕ್ಕೇ ಕಾಲು ಇಳಿಬಿಟ್ಟಿವೆ. ಹಾಗಾಗಿ ಹಳಿ ನದಿಯನ್ನು ಮೇಲ್ಭಾಗದಲ್ಲಿ ದಾಟಿ, ಶಿರವಾಡದ ಬಯಲಿಗಿಳಿದು, ಅಲ್ಲಿಂದ ಸುಮಾರು ಮೂರು ಕಿಲೋಮೀಟರ್ ಉದ್ದದ ಸುರಂಗದಲ್ಲಿ ಗುಡ್ಡ ಕೊರೆದು ಹಾರವಾಡದ ಕಡೆಗೆ ಹೋಗುತ್ತದೆ. ನದಿಗೂ ಸುರಂಗಕ್ಕೂ ನಡುವೆ ರೈಲು ನಿಲ್ಲುವಷ್ಟು ಸಪಾಟಾದ ನೆಲ ಸಿಕ್ಕಿದ್ದು ಅಲ್ಲಿ.

ನಗರದ ಲಘು ರೈಲಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಅದು 25 ಮೀಟರ್ ತ್ರಿಜ್ಯದ ತಿರುವಿನಲ್ಲೂ ತಿರುಗುತ್ತದೆ, ನೂರು ಮೀಟರ್‌ಗೆ ಆರು ಮೀಟರ್ ಏರನ್ನೂ ಹತ್ತುತ್ತದೆ, ರಸ್ತೆಯ ಮಟ್ಟದಲ್ಲೇ ಹುದುಗಿಸಿದ ಹಳಿಯ ಮೇಲೆ ಅಂಗಡಿಗಳ ಮುಂದೆ ಹಾದುಹೋಗುತ್ತದೆ. ಅರ್ಧ ಕಿಲೋಮೀಟರ್‌ಗೊಮ್ಮೆ ನಿಂತರೂ ಅದಕ್ಕೆ ತೊಂದರೆಯಿಲ್ಲ. ಒಂದರ ವಿನ್ಯಾಸ ದೂರದ ಊರುಗಳನ್ನು ಬೇಗ ಮುಟ್ಟಿಸಲು, ಇನ್ನೊಂದರ ವಿನ್ಯಾಸ ಒಂದೇ ಊರಿನ ಬೀದಿಗಳನ್ನು ಹೊಲಿಯಲು. ಮೊದಲನೆಯದನ್ನು ಕಟ್ಟಿ ಎರಡನೆಯದರ ಫಲ ಬಯಸಿದರೆ ಅದು ಎಲ್ಲಿಂದ ಸಿಕ್ಕೀತು?

ರೈಲಿನ ವಿಷಯದಲ್ಲಿ ಕಾರವಾರದ ನಿರೀಕ್ಷೆ ಬಹಳ ಹಳೆಯದು. 1862ರಲ್ಲಿ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿದ ಮೇಲೆ, ಬಂದರಿಗೆ ಹತ್ತಿ ತರಲು ಘಟ್ಟದ ಮೇಲಿನಿಂದ ಹಳಿ ಹಾಕುವ ಮಾತು ನಡೆದಿತ್ತು. ಹಳಿ ಇಳಿದದ್ದು ಗೋವೆಯ ಮುರ್ಮುಗಾವ್‌ಗೆ, 1880ರ ದಶಕದಲ್ಲಿ. ನೂರು ವರ್ಷಕ್ಕೂ ಹೆಚ್ಚು ಕಾಲ ಕಾದ ಊರಿಗೆ ಕೊನೆಗೂ ರೈಲು ಬಂದಾಗ ಅದು ಬಾಗಿಲಿಗೆ ಬಾರದೆ ಹಿತ್ತಿಲಿಗೆ ಬಂತು.

ಅದೇ ವರ್ಷ, ಇನ್ನೊಂದು ಬಯಲು

1998ರಲ್ಲೇ, ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಲಘು ರೈಲು ಪಶ್ಚಿಮದ ಹಿಲ್ಸ್‌ಬೊರೊವರೆಗೆ ವಿಸ್ತರಿಸಿತು. ಆ ಮಾರ್ಗದ ಒರೆಂಕೊ ನಿಲ್ದಾಣವೂ ನಮ್ಮ ಶಿರವಾಡದಂತೆ ಬಯಲಿನಲ್ಲೇ ಇತ್ತು. ಎಂದೋ ಮುಚ್ಚಿಹೋದ ಸಸಿ ಕಂಪನಿಯೊಂದು ಕಟ್ಟಿದ್ದ ಸಣ್ಣ ಹಳ್ಳಿಯ ಪಕ್ಕದ ಜಾಗ ಅದು. ಇಂದು ಒರೆಂಕೊ ನಿಲ್ದಾಣ ಕೇಂದ್ರಿತ ಬಡಾವಣೆಗೆ ಜಗತ್ತಿನಾದ್ಯಂತ ಕೊಡುವ ಉದಾಹರಣೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಉಪಯುಕ್ತ. ಆದರೆ "ಅವರು ಯೋಜನೆ ಮಾಡಿದರು, ನಾವು ಮಾಡಲಿಲ್ಲ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದಕ್ಕಲ್ಲ.

ಒರೆಂಕೊದಲ್ಲಿ ರೈಲು ಬರುವ ಮೊದಲೇ ಭೂಬಳಕೆಯ ನಿಯಮ ಬದಲಾಯಿತು. ಸುತ್ತಲಿನ ಜಾಗದಲ್ಲಿ ಎಕರೆಗೆ ಕನಿಷ್ಠ ಇಷ್ಟು ಮನೆ ಇರಲೇಬೇಕು, ರಸ್ತೆಗಳು ನಡೆಯಲು ಯೋಗ್ಯವಾಗಿರಬೇಕು ಎಂಬ ಕಟ್ಟಳೆ ಬಂತು. ಹತ್ತಿರದಲ್ಲೇ ಇಂಟೆಲ್ ಕಂಪನಿಯ ದೊಡ್ಡ ಕಾರ್ಖಾನೆ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ರೈಲು ದಿನವಿಡೀ ಹತ್ತು ಹದಿನೈದು ನಿಮಿಷಕ್ಕೊಂದರಂತೆ ಬರುತ್ತದೆ.

ಇಷ್ಟೆಲ್ಲ ಇದ್ದೂ ಒರೆಂಕೊದ ಅಂಗಡಿ ಬೀದಿ ಮೊದಲು ಎದ್ದದ್ದು ರೈಲು ನಿಲ್ದಾಣದ ಪಕ್ಕದಲ್ಲಲ್ಲ. ಅಲ್ಲಿಂದ ಸುಮಾರು 400 ಮೀಟರ್ ದೂರದ, ಕಾರುಗಳು ಓಡಾಡುವ ದೊಡ್ಡ ರಸ್ತೆಯ ಬದಿಯಲ್ಲಿ. ಇಳಿಯುವ ಪ್ರಯಾಣಿಕರಷ್ಟರಿಂದಲೇ ಅಂಗಡಿ ನಡೆಯುವುದಿಲ್ಲ, ರಸ್ತೆಯ ಗಿರಾಕಿಯೂ ಬೇಕು ಎಂಬ ವ್ಯಾಪಾರದ ಲೆಕ್ಕ ಅದು. ನಿಲ್ದಾಣಕ್ಕೆ ಅಂಟಿಕೊಂಡ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಅಲ್ಲಿ ಬಹುಮಹಡಿ ಕಟ್ಟಡಗಳು ಎದ್ದದ್ದು 2010ರ ದಶಕದಲ್ಲಿ. ಹೊಗಳಿಕೆಯ ಲೇಖನಗಳು ಈ ವಿವರವನ್ನು ಬಿಟ್ಟುಬಿಡುತ್ತವೆ. ನನಗೆ ಅದೇ ಹೆಚ್ಚು ಕಲಿಸಿದೆ: ಹದಿನೈದು ನಿಮಿಷಕ್ಕೊಂದು ರೈಲು ಬರುವ ಕಡೆಯಲ್ಲೇ ಹೀಗಾದರೆ, ದಿನಕ್ಕೆ ಕೆಲವೇ ರೈಲು ನಿಲ್ಲುವ ಶಿರವಾಡದಲ್ಲಿ ಚಹದ ಅಂಗಡಿಯವನು ಯಾವ ಧೈರ್ಯದಲ್ಲಿ ಎರಡನೆಯ ಒಲೆ ಹಚ್ಚಬೇಕು?

ಬೆಂಗಳೂರಿನಿಂದ ರಾತ್ರಿ ಓಡಿ ಬರುವ ಪಂಚಗಂಗಾ ಬೆಳಿಗ್ಗೆ ಇಲ್ಲಿ ಕೊನೆಗೊಳ್ಳುತ್ತದೆ. ಮುಂಬೈಯಿಂದ ಬರುವ ಮತ್ಸ್ಯಗಂಧಾ ನಸುಕಿಗೂ ಮೊದಲೇ ಮುಟ್ಟುತ್ತದೆ. ಗೋವೆಯ ಕಡೆ ಕೆಲಸಕ್ಕೆ ಹೋಗುವವರಿಗೆ ಪ್ಯಾಸೆಂಜರ್ ರೈಲು ಇದೆ. ಒಂದೊಂದು ರೈಲಿನ ಹೊತ್ತಿಗೂ ಜನ ಬಂದು ಸೇರಿ ಕರಗಿ ಹೋಗುತ್ತಾರೆ. ದಿನದಲ್ಲಿ ನಾಲ್ಕಾರು ಸಲ ಉಕ್ಕಿ ಇಳಿಯುವ ಇಂಥ ಗಿರಾಕಿಯನ್ನು ನಂಬಿ ಯಾರೂ ಬೀದಿ ಕಟ್ಟುವುದಿಲ್ಲ. ಫ್ರಾನ್ಸಿನವರಿಗೂ ಇದರ ಅನುಭವವಿದೆ: 1994ರಲ್ಲಿ ಅತಿವೇಗದ ರೈಲಿಗಾಗಿ ಎರಡು ಊರುಗಳ ನಡುವೆ ಕಟ್ಟಿದ ಓತ್-ಪಿಕಾರ್ಡಿ ನಿಲ್ದಾಣವನ್ನು ಅಲ್ಲಿಯ ಜನ ಬೀಟ್ ಗದ್ದೆಯ ನಿಲ್ದಾಣವೆಂದು ಇಂದಿಗೂ ಲೇವಡಿ ಮಾಡುತ್ತಾರೆ.

ಉದ್ಯೋಗದ ಮಾತೂ ಅಷ್ಟೇ. ಕಾರವಾರದ ಸುತ್ತ ದೊಡ್ಡ ಉದ್ಯೋಗದಾತರು ಇಲ್ಲವೆಂದಲ್ಲ. ಕೈಗಾ ಅಣು ವಿದ್ಯುತ್ ಸ್ಥಾವರ ಇದೆ, ಅರಗಾದ ಕಡೆ ಕದಂಬ ನೌಕಾನೆಲೆ ಇದೆ. ಆದರೆ ಕೈಗಾದವರ ವಸತಿ ಮಲ್ಲಾಪುರದಲ್ಲಿ, ನೌಕಾಪಡೆಯವರ ವಸತಿ ಗುಡ್ಡದಾಚೆ. ಇಬ್ಬರಿಗೂ ಸ್ವಂತ ಕಾಲೊನಿ, ಸ್ವಂತ ಶಾಲೆ, ಸ್ವಂತ ವಾಹನ. ನಿಲ್ದಾಣ ಇಬ್ಬರ ನಡುವೆ ಇದ್ದೂ ಇಬ್ಬರಿಗೂ ಮನೆಯ ಹತ್ತಿರದ್ದಾಗಲಿಲ್ಲ.

ಲಘು ರೈಲೇ ಹಾಕಿದರೆ?

ಹಾಗಾದರೆ ಬಂದರಿನಿಂದ ಆಸ್ಪತ್ರೆ, ಬಸ್ ನಿಲ್ದಾಣ, ಹಬ್ಬುವಾಡದ ಮೂಲಕ ಶಿರವಾಡಕ್ಕೆ ಒಂದು ಟ್ರಾಮ್ ಹಳಿ ಹಾಕಿದರಾಗದೇ ಎಂಬ ಆಸೆ ಸಹಜ. ಇದಕ್ಕೆ ಕೇಂದ್ರ ಸರ್ಕಾರದ ಲೆಕ್ಕವೇ ಸಿದ್ಧವಿದೆ. ಸಣ್ಣ ನಗರಗಳಿಗಾಗಿ 2019ರಲ್ಲಿ ಹೊರಡಿಸಿದ ಮೆಟ್ರೊಲೈಟ್, ಅಂದರೆ ಲಘು ರೈಲಿನ, ಮಾನದಂಡದ ಪ್ರಕಾರ, ಜನದಟ್ಟಣೆಯ ಹೊತ್ತಿನಲ್ಲಿ ಒಂದೇ ದಿಕ್ಕಿಗೆ ಗಂಟೆಗೆ 2,000ದಿಂದ 15,000 ಪ್ರಯಾಣಿಕರು ಹೋಗುವ ದಾರಿಗೆ ಅದು ತಕ್ಕುದು. ಕೆಳಗಿನ ಮಿತಿಯನ್ನೇ ಹಿಡಿಯೋಣ. 50 ಜನ ಹಿಡಿಸುವ ಬಸ್ಸಿನ ಲೆಕ್ಕದಲ್ಲಿ 2,000 ಜನ ಎಂದರೆ ಗಂಟೆಗೆ 40 ಬಸ್ಸು, ಅಂದರೆ ಒಂದೂವರೆ ನಿಮಿಷಕ್ಕೊಂದು ತುಂಬಿದ ಬಸ್ಸು. 2011ರ ಜನಗಣತಿಯಲ್ಲಿ ಲಕ್ಷವನ್ನೂ ಮುಟ್ಟದಿದ್ದ ಊರಿನ ಈ ರಸ್ತೆಯಲ್ಲಿ ಅಂಥ ಗಂಟೆ ಬರುವುದು ಜಾತ್ರೆಗೂ ಕಷ್ಟ. ಪಂಚಗಂಗಾ ಬಂದಾಗ ಕೆಲವು ನೂರು ಜನ ಒಟ್ಟಿಗೆ ಇಳಿಯುತ್ತಾರೆ ನಿಜ. ಮುಂದಿನ ಗಂಟೆಗೆ ಹಳಿ ಖಾಲಿ. ದಿನಕ್ಕೆ ಕೆಲವು ಸಲ ತುಂಬುವುದಕ್ಕಾಗಿ ಹಳಿ, ತಂತಿ, ಡಿಪೊ ಕಟ್ಟುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಹೂ ಮುಡಿದಂತೆ.

ಎರಡನೆಯ ಆಸೆ ಇದಕ್ಕಿಂತ ಜಾಣತನದ್ದು. ಹೊಸ ಹಳಿ ಏಕೆ, ಇರುವ ಹಳಿಯ ಮೇಲೆಯೇ ಊರ ರೈಲು ಓಡಿಸಿ ಅದನ್ನು ಊರೊಳಗೆ ತಿರುಗಿಸಬಾರದೇ? ಜರ್ಮನಿಯ ಕಾರ್ಲ್ಸ್‌ರೂಹೆ ಮಾಡಿದ್ದು ಇದನ್ನೇ. ಅಲ್ಲಿಯ ಮುಖ್ಯ ರೈಲು ನಿಲ್ದಾಣವನ್ನು 1913ರಲ್ಲಿ ಊರ ನಡುವಿನಿಂದ ಎರಡು ಕಿಲೋಮೀಟರ್ ಆಚೆಗೆ ಸಾಗಿಸಲಾಯಿತು. ಮುಂದಿನ ಎಂಬತ್ತು ವರ್ಷ ಸುತ್ತಲ ಹಳ್ಳಿಯವರು ರೈಲಿನಲ್ಲಿ ಬಂದು, ಇಳಿದು, ಟ್ರಾಮ್ ಹತ್ತಿ ಪೇಟೆ ಸೇರುತ್ತಿದ್ದರು. 1992ರಲ್ಲಿ ರೈಲ್ವೆಯ ವಿದ್ಯುತ್ತಿನಲ್ಲೂ ಟ್ರಾಮಿನ ವಿದ್ಯುತ್ತಿನಲ್ಲೂ ಓಡಬಲ್ಲ ಗಾಡಿಗಳನ್ನು ತಂದು, ಬ್ರೆಟನ್ ಎಂಬ ಊರಿನಿಂದ ಹೊರಟ ಗಾಡಿಯನ್ನು ನೇರವಾಗಿ ಪೇಟೆಯ ಬೀದಿಗೆ ಇಳಿಸಿದರು. ಪ್ರಯಾಣಿಕರ ಸಂಖ್ಯೆ ಹಲವು ಪಟ್ಟು ಏರಿತು.

ಅಸ್ನೋಟಿಯಿಂದ ಅಂಕೋಲಾ, ಕುಮಟಾದವರೆಗೆ ಹಳಿ ನಮ್ಮಲ್ಲೂ ಇದೆ, 2022ರಲ್ಲಿ ಮಾರ್ಗದ ವಿದ್ಯುದೀಕರಣವೂ ಮುಗಿದಿದೆ. ಅಡ್ಡಿ ಬೇರೆ ಕಡೆ ಇದೆ. ಕರ್ನಾಟಕದ ಭಾಗದಲ್ಲಿ ಇದು ಇನ್ನೂ ಒಂಟಿ ಹಳಿ. ಎದುರಿನಿಂದ ಬರುವ ರೈಲು ದಾಟುವವರೆಗೆ ಇನ್ನೊಂದು ನಿಲ್ದಾಣದಲ್ಲಿ ಕಾಯಲೇಬೇಕು. ದೂರದ ರೈಲು, ಸರಕು ರೈಲು, ಲಾರಿಗಳನ್ನೇ ಹೊತ್ತೊಯ್ಯುವ ರೋರೋ ರೈಲುಗಳ ನಡುವೆ ಅರ್ಧ ಗಂಟೆಗೊಂದು ಊರ ರೈಲು ತೂರಿಸುವುದು ಆಗದ ಮಾತು. ಜೊತೆಗೆ ಶಿರವಾಡದಿಂದ ಪೇಟೆಗೆ ಹೊಸ ಹಳಿ ಎಳೆಯುವ ಕೆಲಸ ಹೇಗೂ ತಪ್ಪುವುದಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದು ಹೆದ್ದಾರಿಯ ಭಾರವೆಲ್ಲ ಹೊಸ ಸೇತುವೆಯೊಂದರ ಮೇಲೆ ಬಿದ್ದಾಗ, ನದಿಯ ಮೇಲೆ ಇನ್ನೊಂದು ಸೇತುವೆ, ಅಂದರೆ ರೈಲಿನದು, ಗಟ್ಟಿಯಾಗಿಯೇ ನಿಂತಿತ್ತು. ನದಿಯಾಚೆಯ ಸದಾಶಿವಗಡದವನಿಗೆ ಅದರಿಂದ ಆದ ಪ್ರಯೋಜನ ಮಾತ್ರ ಅಷ್ಟಕ್ಕಷ್ಟೇ. ಆಚೆಯ ನಿಲ್ದಾಣವೂ ಊರ ಹೊರಗೆ, ಈಚೆಯದೂ ಊರ ಹೊರಗೆ.

ವೃತ್ತದೊಳಗಿನ ನೆಲ

ನಿಲ್ದಾಣವನ್ನು ನಡುವಿಟ್ಟು 500 ಮೀಟರ್ ತ್ರಿಜ್ಯದ ವೃತ್ತ ಎಳೆದರೆ ಅದರೊಳಗೆ ಸುಮಾರು 78 ಹೆಕ್ಟೇರ್, ಅಂದರೆ 194 ಎಕರೆ ಬರುತ್ತದೆ. ಲಘು ರೈಲು ನಡೆಯಬೇಕಾದರೆ ಎಕರೆಗೆ ಕನಿಷ್ಠ ಒಂಬತ್ತು ಮನೆಯಾದರೂ ಬೇಕು ಎಂಬುದು ಅಮೆರಿಕದಲ್ಲಿ 1970ರ ದಶಕದಿಂದ ಬಳಕೆಯಲ್ಲಿರುವ ಅಂದಾಜು. ಆ ಲೆಕ್ಕಕ್ಕೆ ಈ ವೃತ್ತದಲ್ಲಿ 1,700ಕ್ಕೂ ಹೆಚ್ಚು ಮನೆ ಬೇಕು. ಕಾಗದದ ಮೇಲೆ ಇದು ದೊಡ್ಡ ಸಂಖ್ಯೆಯಲ್ಲ, ನಾಲ್ಕೈದು ಮಹಡಿಯ ಕಟ್ಟಡಗಳಲ್ಲಿ ಹಿಡಿಸಿಬಿಡಬಹುದು. ಹಳಿ, ರೈಲ್ವೆಯ ಜಾಗ, ಗುಡ್ಡದ ಇಳಿಜಾರು, ಗದ್ದೆ ಇವನ್ನೆಲ್ಲ ಕಳೆದು ಉಳಿದ ನೆಲದಲ್ಲಿ ಅಷ್ಟನ್ನೂ ಕಟ್ಟಬೇಕೇ ಎಂಬುದು ಪ್ರಶ್ನೆ.

ನನ್ನ ಉತ್ತರ: ಬೇಡ. ಮೊದಲ ಕಾರಣ ನೀರು. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯಿಂದ ಬಿಟ್ಟ ನೀರು ಕಾಳಿ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ, ಅದೂ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿಯುವ ಜಾಗದಲ್ಲಿ ನದಿಬಯಲಿನ ಗದ್ದೆಗೆ ಮಣ್ಣು ತುಂಬಿಸಿ ಮನೆ ಕಟ್ಟಿದರೆ, ಗದ್ದೆ ಹೀರುತ್ತಿದ್ದ ನೀರು ಪಕ್ಕದವನ ಅಂಗಳ ಹುಡುಕುತ್ತದೆ. ನಿಲ್ದಾಣ ಕೇಂದ್ರಿತ ಅಭಿವೃದ್ಧಿಯ ಕೈಪಿಡಿಗಳು ವೃತ್ತವನ್ನು ಕೈವಾರದಿಂದ ಎಳೆಯುತ್ತವೆ, ನೀರು ಹರಿಯುವ ದಿಕ್ಕು ನೋಡಿ ಎಳೆಯುವುದಿಲ್ಲ.

ಎರಡನೆಯದು ನೆಲದ ನೆನಪು. ಈ ತಾಲ್ಲೂಕಿನ ಜನ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಊರೂರನ್ನೇ ಬಿಟ್ಟುಕೊಟ್ಟಿದ್ದಾರೆ. ಕೈಗಾ, ಕದ್ರಾ ಅಣೆಕಟ್ಟೆ, ಕೊಂಕಣ ರೈಲು, ಹೆದ್ದಾರಿಯ ಅಗಲೀಕರಣ, ಹೀಗೆ ಪಟ್ಟಿ ಉದ್ದವಾಗಿದೆ. ಭೂಸ್ವಾಧೀನ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಇಲ್ಲಿಯ ಮುದುಕರು ಹಳೆಯ ನೋಟಿಸುಗಳ ಕಟ್ಟು ಬಿಚ್ಚುತ್ತಾರೆ. ಜಪಾನಿನ ಒಸಾಕಾ ಬಳಿ 1910ರಲ್ಲಿ ಹಳಿ ಹಾಕಿದ ಖಾಸಗಿ ಕಂಪನಿಯೊಂದು ದಾರಿಯುದ್ದದ ಜಾಗವನ್ನು ಮೊದಲೇ ಕೊಂಡು, ಮನೆ ಕಟ್ಟಿ, ಕಂತಿನ ಮೇಲೆ ಮಾರಿ ರೈಲಿನ ಖರ್ಚು ಹುಟ್ಟಿಸಿಕೊಂಡಿತ್ತು. ಆ ಮಾದರಿಯನ್ನು ಕೊಂಡಾಡುವವರು ಅಲ್ಲಿ ಜಾಗ ಮಾರಾಟವಾಯಿತು, ಇಲ್ಲಿ ಸ್ವಾಧೀನವಾಗುತ್ತದೆ ಎಂಬ ವ್ಯತ್ಯಾಸವನ್ನು ಮರೆಯಬಾರದು. ಶಿರವಾಡದಲ್ಲಿ ಏನಾದರೂ ಬೆಳೆಯಬೇಕಿದ್ದರೆ ಅದು ಮಾಲೀಕನ ಕೈಯಲ್ಲೇ ಉಳಿದ ಜಾಗದಲ್ಲಿ, ಅವನ ಲಾಭಕ್ಕಾಗಿ ಬೆಳೆಯಬೇಕು.

ನಡಿಗೆಯ ಲೆಕ್ಕವೂ ನಮ್ಮಲ್ಲಿ ಬೇರೆ. 800 ಮೀಟರ್ ಎಂದರೆ ಹತ್ತು ಹನ್ನೆರಡು ನಿಮಿಷದ ನಡಿಗೆ ಎಂದು ನೀತಿ ಹೇಳುತ್ತದೆ. ಆಷಾಢದ ಗಾಳಿಮಳೆಯಲ್ಲಿ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ತಿರುಗಿ ನಿಂತ ಕೊಡೆ ಹಿಡಿದವನಿಗೆ 200 ಮೀಟರ್ ಕೂಡ ದೂರವೇ.

ಹಳಿ ಇಲ್ಲದ ಲಘು ರೈಲು

ನನ್ನ ಲೆಕ್ಕದಲ್ಲಿ ಕಾರವಾರದ ತಪ್ಪು ನಿಲ್ದಾಣದ ಸುತ್ತ ಊರು ಕಟ್ಟದೇ ಇದ್ದದ್ದಲ್ಲ. ನಡುವಿನ ಆರೇಳು ಕಿಲೋಮೀಟರನ್ನು ಯಾರೂ ಒಂದು ಸಾರಿಗೆ ಮಾರ್ಗವೆಂದು ನೋಡದೇ ಇದ್ದದ್ದು. ರೈಲ್ವೆಯ ಮಟ್ಟಿಗೆ ಊರು ಫ್ಲಾಟ್‌ಫಾರ್ಮಿನ ಅಂಚಿಗೆ ಮುಗಿಯುತ್ತದೆ, ಸಾರಿಗೆ ಸಂಸ್ಥೆಯ ಮಟ್ಟಿಗೆ ಬಸ್ ನಿಲ್ದಾಣದ ಕಟ್ಟೆಗೆ. ನಡುವಿನದು ರಿಕ್ಷಾದವರಿಗೂ ಪ್ರಯಾಣಿಕನಿಗೂ ಬಿಟ್ಟ ಚೌಕಾಸಿ.

ಲಘು ರೈಲಿನಿಂದ ಹಳಿಯನ್ನೂ ತಂತಿಯನ್ನೂ ತೆಗೆದರೆ ಉಳಿಯುವುದು ನಾಲ್ಕು ಸಂಗತಿ: ಮೊದಲೇ ಗೊತ್ತಿರುವ ದಾರಿ, ಕಾಯಲು ಬೇಸರವಾಗದಷ್ಟು ಅಂತರ, ಅರ್ಧ ಕಿಲೋಮೀಟರ್‌ಗೊಂದು ಸರಿಯಾದ ತಂಗುದಾಣ, ದಾರಿಯ ಇಕ್ಕೆಲದ ಭೂಬಳಕೆಯ ನಿಯಮ. ಇವುಗಳಲ್ಲಿ ಒಂದಕ್ಕೂ ಉಕ್ಕು ಬೇಡ.

ಸಂಖ್ಯೆ ನೋಡಿ. ಆರೂವರೆ ಕಿಲೋಮೀಟರನ್ನು ನಿಲುಗಡೆ ಸೇರಿ ಇಪ್ಪತ್ತು ನಿಮಿಷದಲ್ಲಿ ಓಡಿದರೆ, ಹೋಗಿ ಬಂದು ಸ್ವಲ್ಪ ವಿಶ್ರಮಿಸಲು 45 ನಿಮಿಷ. ಕಾಲು ಗಂಟೆಗೊಂದು ಬಸ್ಸು ಬೇಕೆಂದರೆ ಮೂರು ಬಸ್ಸು ಸಾಕು, ಕೆಟ್ಟಾಗ ಇರಲೆಂದು ಒಂದು ಹೆಚ್ಚುವರಿ. ಮಿನಿಬಸ್ಸಾದರೂ ನಡೆಯುತ್ತದೆ. ಆಸ್ಪತ್ರೆಯಿಂದ ಹೊರಟು ಜಿಲ್ಲಾಧಿಕಾರಿ ಕಚೇರಿ, ಬಸ್ ನಿಲ್ದಾಣ, ಹಬ್ಬುವಾಡ ಮುಟ್ಟಿ, ಶಿರವಾಡದ ಕೈಗಾರಿಕಾ ಪ್ರದೇಶದ ಕೆಲಸಗಾರರನ್ನೂ ಹತ್ತಿಸಿಕೊಂಡು ರೈಲು ನಿಲ್ದಾಣದ ಒಳ ಆವರಣಕ್ಕೇ ಹೋಗಬೇಕು, ಹೆದ್ದಾರಿಯ ಕೈಕಂಬದ ಬಳಿ ಇಳಿಸಿ ಹೋಗಕೂಡದು. ರೈಲಿನವರನ್ನಷ್ಟೇ ನಂಬಿದರೆ ಈ ಬಸ್ಸು ಸಾಯುತ್ತದೆ. ದಿನವಿಡೀ ಹತ್ತುವವರು ರೋಗಿಗಳು, ವಿದ್ಯಾರ್ಥಿಗಳು, ಕಚೇರಿಗೆ ಬರುವವರು. ಒರೆಂಕೊದ ಅಂಗಡಿಯವರು ಕಲಿಸುವುದೂ ಅದನ್ನೇ.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಅಂದರೆ ರೈಲಿನಿಂದ ಇಳಿದ ಹೆಂಗಸಿಗೆ ಬಸ್ಸು ಸಿಕ್ಕರೆ ಖರ್ಚು ಸೊನ್ನೆ, ಸಿಗದಿದ್ದರೆ ರಿಕ್ಷಾ ಬಾಡಿಗೆ ಕೆಲವೊಮ್ಮೆ ಪ್ಯಾಸೆಂಜರ್ ರೈಲಿನ ಟಿಕೆಟ್ಟಿಗಿಂತ ದುಬಾರಿ. ರಿಕ್ಷಾದವರ ಹೊಟ್ಟೆಪಾಡೂ ಉಳಿಯಬೇಕು. ಲಗೇಜು, ನಸುಕಿನ ಮತ್ಸ್ಯಗಂಧಾ, ಬಸ್ಸು ಹೋಗದ ಕೇರಿಗಳು ಅವರಿಗೇ ಇರಲಿ, ಮೀಟರಿನ ದರ ಮಾತ್ರ ಫಲಕದ ಮೇಲೆ ಕಾಣಲಿ. ಇನ್ನೊಂದು ಸಂಗತಿ ಹೊರಗಿನಿಂದ ಬರುವ ಸಲಹೆಗಾರರಿಗೆ ಹೊಳೆಯುವುದಿಲ್ಲ. ಕೊಂಕಣ ರೈಲಿಗೆ ಮಳೆಗಾಲದ ವೇಳಾಪಟ್ಟಿಯೇ ಬೇರೆ. ಗುಡ್ಡ ಕುಸಿಯುವ ಭಯಕ್ಕೆ ವೇಗ ಇಳಿಸಿ, ಸಮಯ ಬದಲಿಸುತ್ತಾರೆ. ಬಸ್ಸಿನ ಪಟ್ಟಿಯೂ ಅದೇ ದಿನ ಬದಲಾಗದಿದ್ದರೆ ಜೂನ್ ತಿಂಗಳಿನಲ್ಲೇ ಇಡೀ ವ್ಯವಸ್ಥೆ ಹಳಿ ತಪ್ಪುತ್ತದೆ.

ಮನೆಗಳನ್ನು ಎಲ್ಲಿ ಬೆಳೆಯಲು ಬಿಡಬೇಕು ಎಂಬುದಕ್ಕೆ ಉತ್ತರ ಇಲ್ಲಿಂದ ಹುಟ್ಟುತ್ತದೆ. ಮಹಾಯೋಜನೆ ತಯಾರಿಸುವವರು ಶಿರವಾಡದ ವೃತ್ತಕ್ಕೆ ಅಂಟಿಕೊಳ್ಳದೆ, ಹಬ್ಬುವಾಡದ ಕಡೆಯಿಂದ ಹೊರಟು ತಂಗುದಾಣದಿಂದ ತಂಗುದಾಣಕ್ಕೆ, ಎತ್ತರದ ನೆಲ ಇರುವ ಕಡೆ ಮಾತ್ರ ಹೆಚ್ಚು ಮಹಡಿಗೆ ಅನುಮತಿ ಕೊಡಲಿ. ಗದ್ದೆ ಗದ್ದೆಯಾಗಿಯೇ ಉಳಿಯಲಿ. ನಿಲ್ದಾಣದ ಎದುರಿಗೆ ಬೇಕಿರುವುದು ಬಹುಮಹಡಿ ಕಟ್ಟಡವಲ್ಲ. ಬಸ್ಸು ನಿಲ್ಲುವ ಮಾಡು, ರಾತ್ರಿಯೂ ಬೆಳಕಿರುವ ಶೌಚಾಲಯ, ಮುಖ್ಯ ರಸ್ತೆಯವರೆಗೆ ಮಳೆ ತಾಗದ ಕಾಲುದಾರಿ. ನಿಲ್ದಾಣ ಅಭಿವೃದ್ಧಿ ಎಂದರೆ ಮುಂಭಾಗಕ್ಕೆ ಹೊಸ ಕಮಾನು ಕಟ್ಟಿ ದೀಪ ಹಾಕುವುದು ಎಂದು ತಿಳಿದವರಿಗೆ ಈ ಪಟ್ಟಿ ಸಪ್ಪೆ ಎನಿಸಬಹುದು.

ಕರಾವಳಿಯ ಉಳಿದ ನಿಲ್ದಾಣಗಳಿಗೂ ಇದೇ ಕಥೆ ಬೇರೆ ಬೇರೆ ಅಳತೆಯಲ್ಲಿ ಅನ್ವಯಿಸುತ್ತದೆ. ಕುಮಟಾದ್ದು ಹೋಲಿಕೆಯಲ್ಲಿ ಹತ್ತಿರ, ಗೋಕರ್ಣ ರೋಡ್ ಎಂಬುದು ಹೆಸರೇ ಹೇಳುವಂತೆ ಗೋಕರ್ಣಕ್ಕೆ ಹೋಗುವ ರಸ್ತೆಯಷ್ಟೇ. ಅವುಗಳನ್ನು ಇನ್ನು ಕದಲಿಸಲಾಗದು. ಕದಲಿಸಬಹುದಾದ್ದು ಇನ್ನೂ ಕಟ್ಟದೇ ಇರುವುದನ್ನು ಮಾತ್ರ. ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ಕೌಂಟಿ, ಮೆಟ್ರೊ ಹಳಿಯನ್ನು ಹೆದ್ದಾರಿಯ ನಡುವೆ ಅಗ್ಗವಾಗಿ ಹಾಕುವ ಬದಲು ಹಳೆಯ ಪೇಟೆ ಬೀದಿಯ ಅಡಿಯಲ್ಲಿ ತರಬೇಕೆಂದು ಪಟ್ಟು ಹಿಡಿದದ್ದು ಅಗೆತ ಶುರುವಾಗುವ ಮೊದಲು. ಹುಬ್ಬಳ್ಳಿ–ಅಂಕೋಲಾ ಮಾರ್ಗ ಕಾಡಿನ ತಕರಾರಿನಲ್ಲಿ ದಶಕಗಳಿಂದ ನಿಂತಿದೆ. ಆ ಕಾಡು ಕಡಿಯಬೇಕೇ ಎಂಬುದು ಬೇರೆಯೇ ಚರ್ಚೆ, ಅದರಲ್ಲಿ ನಾನು ಕಾಡಿನ ಪಕ್ಷ. ಶಿರಸಿಗೆ ರೈಲು ತರುವ ಬೇಡಿಕೆಯೂ ಆಗಾಗ ಏಳುತ್ತದೆ. ಎರಡರಲ್ಲೂ ಸಮೀಕ್ಷೆ, ಸುರಂಗ, ವೆಚ್ಚ, ಪರಿಸರ ಎಲ್ಲದರ ಮಾತೂ ಕೇಳುತ್ತದೆ. ಯಲ್ಲಾಪುರದಲ್ಲಿ, ಶಿರಸಿಯಲ್ಲಿ ನಿಲ್ದಾಣ ಬಸ್ ನಿಲ್ದಾಣದಿಂದ ಎಷ್ಟು ದೂರದಲ್ಲಿರುತ್ತದೆ, ಅಲ್ಲಿಂದ ಪೇಟೆಗೆ ಎಷ್ಟು ನಿಮಿಷಕ್ಕೊಂದು ಬಸ್ಸು ಎಂಬ ಪ್ರಶ್ನೆಯನ್ನು ಮನವಿ ಪತ್ರದ ಮೊದಲ ಪುಟದಲ್ಲಿ ಬರೆದು ಕೊಡಬೇಕಾದವರು ಆ ಊರಿನವರೇ, ಅದೂ ನಕ್ಷೆಯ ಮೇಲೆ ಗೆರೆ ಬೀಳುವುದಕ್ಕೆ ಮುಂಚೆ.